"ಅರ್ಥ ಆಯ್ತಾ?" ಅಂದಾಗ ಸುಮ್ನೆ ತಲೆ ಆಡಿಸಬೇಡಿ: ಕಿವಿ ಕೇಳದವರಿಗೆ ಕೆಲಸದ ದಾರಿ

ಹನ್ನೆರಡು ವರ್ಷದ ಹಿಂದಿನ ಮಾತು. ಶನಿವಾರ ಸಂಜೆ ಮನೆಗೆ ಹೊರಡುವ ಹೊತ್ತಿಗೆ ಸೂಪರ್‌ವೈಸರ್ ನನ್ನ ಕಡೆ ತಿರುಗಿ ಏನೋ ಹೇಳಿದರು. ತುಟಿ ನೋಡಿದೆ. "ನಾಳೆ ಮರೀಬೇಡ" ಅಂದ ಹಾಗಿತ್ತು. ಭಾನುವಾರ ಓಟಿ ಇರಬಹುದು ಅಂತ ಮೊದಲೇ ಮಾತಿತ್ತಲ್ಲ, ಅದಕ್ಕೇ ಇರಬೇಕು ಅಂದುಕೊಂಡೆ. "ಅರ್ಥ ಆಯ್ತಾ?" ಅಂದರು. ತಲೆ ಆಡಿಸಿದೆ. ಮಾರನೇ ದಿನ ಬೆಳಿಗ್ಗೆ ಎರಡು ಬಸ್ ಬದಲಾಯಿಸಿ ಹೋದರೆ ಗೇಟಿಗೆ ಬೀಗ. ಅವರು ಹೇಳಿದ್ದು "ನಾಳೆ ಬರಬೇಡ".

ಪ, ಬ, ಮ ಮೂರೂ ತುಟಿಯ ಮೇಲೆ ಒಂದೇ ಥರ ಕಾಣುತ್ತವೆ. ನಂಬಿಕೆ ಬರದಿದ್ದರೆ ಕನ್ನಡಿ ಮುಂದೆ ನಿಂತು, ಸದ್ದು ಮಾಡದೆ "ಎಪ್ಪತ್ತು" ಅನ್ನಿ, ಆಮೇಲೆ "ಎಂಬತ್ತು" ಅನ್ನಿ. ಸ್ಟೋರ್ಸ್‌ನಲ್ಲಿ ಕೆಲಸ ಮಾಡುವಾಗ ಆ ಹತ್ತರ ವ್ಯತ್ಯಾಸಕ್ಕೆ ನಾನು ಎಷ್ಟು ಬೈಸಿಕೊಂಡಿದ್ದೇನೋ ಲೆಕ್ಕವಿಲ್ಲ.

ನನಗೆ ಹತ್ತನೇ ವಯಸ್ಸಿನಲ್ಲಿ ಜ್ವರ ಬಂದು ಕಿವಿ ಹೋಯಿತು. ಮೊದಲು ಪ್ಯಾಕಿಂಗ್, ಆಮೇಲೆ ಸ್ಟೋರ್ಸ್, ಈಗ ಲೆಕ್ಕಪತ್ರದ ಕೆಲಸ. ಇಷ್ಟು ವರ್ಷದಲ್ಲಿ ನಾನು ಕಂಡಿದ್ದು ಒಂದೇ. ನಮ್ಮಲ್ಲಿ ಹೆಚ್ಚಿನವರು ಕೆಲಸ ಬಾರದೆ ಕೆಲಸ ಕಳೆದುಕೊಳ್ಳುವುದಿಲ್ಲ. ಹೇಳಿದ ಮಾತು ನಮಗೆ ತಲುಪದೆ ಕಳೆದುಕೊಳ್ಳುತ್ತೇವೆ. ಹಾಗಾಗಿ ಕೆಲಸ ಹುಡುಕುವಾಗಿನಿಂದಲೇ ಮಾತು ತಲುಪುವ ದಾರಿಯನ್ನೂ ಕಟ್ಟಿಕೊಳ್ಳುತ್ತಾ ಹೋಗಬೇಕು. ಅದು ಹೇಗೆ ಅಂತ ಒಂದೊಂದಾಗಿ ಹೇಳುತ್ತೇನೆ.

1. ಮೊದಲು ಕಾಗದಪತ್ರ

ಯುಡಿಐಡಿ, ಅಂದರೆ ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಕಾರ್ಡ್ ಇಲ್ಲದಿದ್ದರೆ ಇವತ್ತೇ ಶುರು ಮಾಡಿ. ಕೇಂದ್ರ ಸರ್ಕಾರದ ಸ್ವಾವಲಂಬನ್ ಪೋರ್ಟಲ್‌ನಲ್ಲಿ ಅರ್ಜಿ ಹಾಕಬೇಕು. ಆಮೇಲೆ ಆಸ್ಪತ್ರೆಗೆ ಹೋಗಿ ಕಿವಿ ಪರೀಕ್ಷೆ ಮಾಡಿಸಬೇಕು. ಹಳ್ಳಿಯಲ್ಲಿದ್ದರೆ ನಿಮ್ಮ ಗ್ರಾಮ ಪಂಚಾಯಿತಿಯ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ. ವಿಆರ್‌ಡಬ್ಲ್ಯು ಅಂದರೆ ಪಂಚಾಯಿತಿಯಲ್ಲಿ ಎಲ್ಲರಿಗೂ ಗೊತ್ತು. ತಾಲ್ಲೂಕಿನಲ್ಲಿ ಎಂಆರ್‌ಡಬ್ಲ್ಯು, ಅಂದರೆ ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು ಇರುತ್ತಾರೆ. ಅರ್ಜಿ ತುಂಬಲು ಸಹಾಯ ಮಾಡುವುದು ಅವರ ಕೆಲಸವೇ, ಸಂಕೋಚ ಬೇಡ.

ಪರೀಕ್ಷೆ ಆದ ಮೇಲೆ ಆಡಿಯೋಗ್ರಾಮ್, ಅಂದರೆ ಕಿವಿ ಎಷ್ಟು ಕೇಳುತ್ತದೆ ಅಂತ ತೋರಿಸುವ ವರದಿಯ ಪ್ರತಿಯನ್ನು ಕೇಳಿ ಇಸಿದುಕೊಳ್ಳಿ, ಮೊಬೈಲ್‌ನಲ್ಲಿ ಫೋಟೋ ತೆಗೆದಿಡಿ. 2016ರ ಅಂಗವಿಕಲರ ಹಕ್ಕುಗಳ ಕಾಯ್ದೆಯಲ್ಲಿ ಎರಡೂ ಕಿವಿಯಲ್ಲಿ 70 ಡೆಸಿಬಲ್ ಕೇಳಿಸುವಿಕೆ ಕಡಿಮೆಯಾಗಿದ್ದರೆ ಕಿವುಡರು, 60ರಿಂದ 70ರವರೆಗೆ ಇದ್ದರೆ ಮಂದ ಕಿವಿಯವರು ಅಂತ ಲೆಕ್ಕ. ಅಂಗವೈಕಲ್ಯ ಶೇಕಡಾ 40 ಅಥವಾ ಜಾಸ್ತಿ ಅಂತ ಪ್ರಮಾಣಪತ್ರದಲ್ಲಿದ್ದರೆ ಮೀಸಲಾತಿಯಂಥ ಸೌಲಭ್ಯ ಸಿಗುತ್ತದೆ. ಆಧಾರ್, ಎಸ್ಸೆಸ್ಸೆಲ್ಸಿ ಅಂಕಪಟ್ಟಿ, ಯುಡಿಐಡಿ, ಈ ಮೂರರಲ್ಲೂ ಹೆಸರು ಒಂದೇ ಥರ ಇದೆಯಾ ನೋಡಿ. ಒಂದರಲ್ಲಿ ಇನಿಷಿಯಲ್ ಹಿಂದೆ, ಇನ್ನೊಂದರಲ್ಲಿ ಮುಂದೆ ಇದ್ದರೂ ಕೆಲಸ ಸಿಗುವ ಹೊತ್ತಿಗೆ ತೊಂದರೆ ಕೊಡುತ್ತದೆ.

ಕಿವಿ ಪರೀಕ್ಷೆಗೆ, ಶ್ರವಣ ಸಾಧನಕ್ಕೆ ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಗಿಂತ ಒಳ್ಳೆಯ ಜಾಗ ನನಗೆ ಗೊತ್ತಿಲ್ಲ. 1965ರಿಂದ ಇದೆ, ಮಾನಸಗಂಗೋತ್ರಿಯಲ್ಲಿ. ಒಂದು ಮಾತು ಮಾತ್ರ ನೆನಪಿಡಿ. ಮಷಿನ್ ಹಾಕಿಕೊಂಡ ಕೂಡಲೇ ಫ್ಯಾಕ್ಟರಿಯ ಮಾತೆಲ್ಲ ಕೇಳಿಸುತ್ತದೆ ಅಂದುಕೊಳ್ಳಬೇಡಿ. ಅದು ಮಾತಿನ ಜೊತೆ ಗಲಾಟೆಯನ್ನೂ ದೊಡ್ಡದು ಮಾಡುತ್ತದೆ.

2. ಅರ್ಜಿಯಲ್ಲೇ ಹೇಳಿಬಿಡಿ

ಕಿವಿ ಕೇಳುವುದಿಲ್ಲ ಅಂತ ಅರ್ಜಿಯಲ್ಲಿ ಬರೆಯಬೇಕಾ, ಸಂದರ್ಶನದವರೆಗೆ ಮುಚ್ಚಿಡಬೇಕಾ? ತುಂಬಾ ಜನ ಕೇಳುತ್ತಾರೆ. ಮುಚ್ಚಿಟ್ಟರೆ ಏನಾಗುತ್ತದೆ ಗೊತ್ತಾ? ಕಂಪನಿಯವರು ಅರ್ಜಿ ನೋಡಿ ಫೋನ್ ಮಾಡುತ್ತಾರೆ. ನೀವು ಎತ್ತುವುದಿಲ್ಲ. ಇನ್ನೊಂದು ಸಲ ಮಾಡುತ್ತಾರೆ. ಆಮೇಲೆ ಪಟ್ಟಿಯಲ್ಲಿ ಮುಂದಿನ ಹೆಸರಿಗೆ ಹೋಗುತ್ತಾರೆ. ನಿಮಗೆ ಅವಕಾಶ ಬಂದಿದ್ದೂ ಗೊತ್ತಿಲ್ಲ, ಹೋಗಿದ್ದೂ ಗೊತ್ತಿಲ್ಲ.

ಹಾಗಾಗಿ ಫೋನ್ ನಂಬರ್ ಪಕ್ಕದಲ್ಲೇ ದಪ್ಪ ಅಕ್ಷರದಲ್ಲಿ ಹಾಕಿ: "ಕರೆ ಮಾಡಬೇಡಿ, ವಾಟ್ಸಾಪ್ ಅಥವಾ ಮೆಸೇಜ್ ಮಾಡಿ. ನನಗೆ ಕಿವಿ ಕೇಳುವುದಿಲ್ಲ." ಅಪ್ಪನ ನಂಬರೋ ಅಣ್ಣನ ನಂಬರೋ ಕೊಡಬೇಡಿ. ಅವರು ಹೊಲದಲ್ಲಿದ್ದಾಗ ಕರೆ ಬರುತ್ತದೆ, ಸಂಜೆ ನಿಮಗೆ ಹೇಳಲು ಮರೆಯುತ್ತಾರೆ. ಕೆಲಸ ನಿಮ್ಮದು, ನಂಬರೂ ನಿಮ್ಮದೇ ಇರಲಿ.

ಇನ್ನೊಂದು, ಜೇಬಿನಲ್ಲಿ ಇಟ್ಟುಕೊಳ್ಳುವ ಚೀಟಿ. ನಾನು ಲ್ಯಾಮಿನೇಷನ್ ಮಾಡಿಸಿ ಐಡಿ ಕಾರ್ಡಿನ ಹಿಂದೆ ಸೇರಿಸಿದ್ದೇನೆ. ಅದರಲ್ಲಿ ಇರುವುದು ಇಷ್ಟೇ:

"ನಮಸ್ಕಾರ. ನನಗೆ ಕಿವಿ ಕೇಳುವುದಿಲ್ಲ. ಎದುರಿಗೆ ನಿಂತು ಸ್ವಲ್ಪ ನಿಧಾನವಾಗಿ ಹೇಳಿದರೆ ತುಟಿ ನೋಡಿ ಒಂದಷ್ಟು ತಿಳಿಯುತ್ತದೆ. ಅಂಕಿ, ತಾರೀಕು, ಸಮಯ, ಹೆಸರು ಮಾತ್ರ ದಯವಿಟ್ಟು ಬರೆದು ತೋರಿಸಿ."

ನಿಮಗೆ ತುಟಿ ಓದಲು ಬಾರದಿದ್ದರೆ ಆ ಸಾಲು ತೆಗೆದು "ಬರೆದು ತೋರಿಸಿ" ಅಂತಲೋ "ಸನ್ನೆ ಭಾಷೆ ಬರುತ್ತದೆ" ಅಂತಲೋ ಹಾಕಿ. ನಿಮಗೆ ಏನು ಆಗುವುದಿಲ್ಲ ಅನ್ನುವುದಕ್ಕಿಂತ ಎದುರಿನವರು ಏನು ಮಾಡಬೇಕು ಅನ್ನುವುದು ಆ ಚೀಟಿಯಲ್ಲಿರಲಿ. ಜನಕ್ಕೆ ಸಹಾಯ ಮಾಡಲು ಮನಸ್ಸಿರುತ್ತದೆ, ಹೇಗೆ ಅನ್ನುವುದು ಗೊತ್ತಿರುವುದಿಲ್ಲ.

3. ಎಲ್ಲಿ ಹುಡುಕಬೇಕು

ಸರ್ಕಾರಿ ಕೆಲಸದ ಆಸೆ ಇದ್ದರೆ, ಕಾಯ್ದೆಯ ಪ್ರಕಾರ ಅಂಗವಿಕಲರಿಗೆ ಇಡಬೇಕಾದ ಕನಿಷ್ಠ ಶೇಕಡಾ 4 ಮೀಸಲಾತಿಯಲ್ಲಿ 1 ಕಿವುಡರಿಗೆ ಮತ್ತು ಮಂದ ಕಿವಿಯವರಿಗೆ. ಅಧಿಸೂಚನೆಯಲ್ಲಿ ಯಾವ ಹುದ್ದೆ ನಮಗೆ ಗುರುತಿಸಿದ್ದಾರೆ ಅನ್ನುವುದನ್ನು ಮೊದಲು ಓದಿ, ಆಮೇಲೆ ಶುಲ್ಕ ಕಟ್ಟಿ.

ಖಾಸಗಿ ಕೆಲಸಕ್ಕೆ ಬೆಂಗಳೂರಿನ ಎನೇಬಲ್ ಇಂಡಿಯಾ, ಸಮರ್ಥನಂ, ಎಪಿಡಿ (ಅಸೋಸಿಯೇಷನ್ ಆಫ್ ಪೀಪಲ್ ವಿತ್ ಡಿಸಬಿಲಿಟಿ), ಈ ಮೂರು ಸಂಸ್ಥೆಗಳು ತರಬೇತಿ ಕೊಟ್ಟು ಕೆಲಸಕ್ಕೂ ಸೇರಿಸುತ್ತವೆ. ಎಪಿಡಿ 1959ರಿಂದ ಇದೆ. ಅಂಗವಿಕಲರಿಗಾಗಿ ಕೇಂದ್ರ ಸರ್ಕಾರದ ವೃತ್ತಿ ಸೇವಾ ಕೇಂದ್ರವೂ ಬೆಂಗಳೂರಿನಲ್ಲಿದೆ. ಡಿಪ್ಲೊಮಾ ಓದುವ ಆಸೆ ಇರುವ ಮಕ್ಕಳಿಗೆ ಮೈಸೂರಿನಲ್ಲಿ ಅಂಗವಿಕಲರಿಗಾಗಿಯೇ ಇರುವ ಜೆಎಸ್‌ಎಸ್ ಪಾಲಿಟೆಕ್ನಿಕ್ ಇದೆ.

ನಮ್ಮವರನ್ನು ಮೊದಲೇ ಕೆಲಸಕ್ಕೆ ತೆಗೆದುಕೊಂಡು ರೂಢಿಯಿರುವ ಕಡೆ ಹೋದರೆ ಶುರುವಿನ ಕಷ್ಟ ಕಡಿಮೆ. ಕೆಫೆ ಕಾಫಿ ಡೇಯಲ್ಲಿ ಕಿವಿ ಕೇಳದವರು ಕಾಫಿ ಮಾಡುತ್ತಿದ್ದುದನ್ನು ನೀವೂ ನೋಡಿರಬಹುದು. ಲೆಮನ್ ಟ್ರೀ ಹೋಟೆಲುಗಳಲ್ಲಿ ನಮ್ಮವರು ತುಂಬಾ ಜನ ಇದ್ದಾರೆ. ಬೆಂಗಳೂರಿನ ವಿಂಧ್ಯಾ ಇ-ಇನ್ಫೋಮೀಡಿಯಾದಲ್ಲಿ ಅಂಗವಿಕಲರೇ ಜಾಸ್ತಿ.

ಆದರೆ ಪ್ಯಾಕಿಂಗ್, ಡೇಟಾ ಎಂಟ್ರಿ, ಹೌಸ್‌ಕೀಪಿಂಗ್ ಇಷ್ಟೇ ನಮಗೆ ಅಂತ ಯಾರಾದರೂ ಹೇಳಿದರೆ ಒಪ್ಪಬೇಡಿ. ಬೆಂಗಳೂರಿನ ವಕೀಲೆ ಸಾರಾ ಸನ್ನಿ ಹುಟ್ಟಿನಿಂದ ಕಿವುಡರು. 2023ರ ಸೆಪ್ಟೆಂಬರ್‌ನಲ್ಲಿ ಸುಪ್ರೀಂ ಕೋರ್ಟಿನಲ್ಲಿ ಸನ್ನೆ ಭಾಷೆಯ ದುಭಾಷಿಯ ನೆರವಿನಿಂದ ಹಾಜರಾದರು. 2024ರ ಏಪ್ರಿಲ್‌ನಲ್ಲಿ ನಮ್ಮ ಹೈಕೋರ್ಟೂ ಅವರ ವಾದವನ್ನು ಹಾಗೇ ಕೇಳಿತು. ವಕೀಲಿಕೆ ಅಂದರೆ ಪೂರ್ತಿ ಮಾತಿನ ಕೆಲಸ, ಅಲ್ವಾ? ಅಲ್ಲಿಗೇ ದುಭಾಷಿ ಬರಬಹುದಾದರೆ ನಿಮ್ಮ ಆಫೀಸಿನ ಮೀಟಿಂಗಿಗೆ ಯಾಕೆ ಬರಬಾರದು?

ಎಚ್ಚರಿಕೆಯ ಒಂದು ಮಾತು. ನಮ್ಮ ವಾಟ್ಸಾಪ್ ಗುಂಪುಗಳಲ್ಲಿ ಸನ್ನೆ ಭಾಷೆಯಲ್ಲೇ ವಿಡಿಯೋ ಮಾಡಿ "ದುಡ್ಡು ಕಟ್ಟಿ, ಕೆಲಸ ಗ್ಯಾರಂಟಿ" ಅನ್ನುವವರು ಬರುತ್ತಾರೆ. ನಮ್ಮ ಭಾಷೆಯಲ್ಲಿ ಮಾತಾಡಿದ ಅಂತ ತಕ್ಷಣ ನಂಬಿಬಿಡುತ್ತೇವೆ. ಕೆಲಸ ಕೊಡುವವರು ದುಡ್ಡು ಕೇಳುವುದಿಲ್ಲ. ಕೇಳಿದರೆ ಅಲ್ಲಿಂದ ಎದ್ದು ಬನ್ನಿ.

4. ಸಂದರ್ಶನದ ದಿನ

ಎರಡು ದಿನ ಮೊದಲೇ ಮೆಸೇಜ್ ಮಾಡಿ: ನಿಮಗೆ ದುಭಾಷಿ ಬೇಕು ಅಂತಲೋ, ಪ್ರಶ್ನೆ ಬರೆದು ಕೊಟ್ಟರೆ ಸಾಕು ಅಂತಲೋ. ದುಭಾಷಿ ಅಲ್ಲಿಗೇ ಬರಲು ಆಗದಿದ್ದರೆ ಅವರು ವಿಡಿಯೋ ಕಾಲ್‌ನಲ್ಲಿ ಬರಲು ಆಗುತ್ತದಾ ಕೇಳಿ. ಅಮ್ಮನನ್ನೋ ಅಕ್ಕನನ್ನೋ ಒಳಗೆ ಕರೆದುಕೊಂಡು ಹೋಗಬೇಡಿ. ಪ್ರೀತಿಯಿಂದಲೇ ಬರುತ್ತಾರೆ, ಆದರೆ ನಿಮಗೆ ಕೇಳಿದ ಪ್ರಶ್ನೆಗೆ ಅವರೇ ಉತ್ತರ ಕೊಡಲು ಶುರು ಮಾಡುತ್ತಾರೆ. ಕೊನೆಗೆ ಆ ಕಂಪನಿಯವರಿಗೆ ನಿಮ್ಮ ಅಮ್ಮ ಚೆನ್ನಾಗಿ ನೆನಪಿರುತ್ತಾರೆ, ನೀವು ನೆನಪಿರುವುದಿಲ್ಲ.

ಒಳಗೆ ಹೋದ ಕೂಡಲೇ ಕಿಟಕಿ ಎಲ್ಲಿದೆ ನೋಡಿ. ಕಿಟಕಿ ಮಾತಾಡುವವರ ಬೆನ್ನಿಗಿದ್ದರೆ ಅವರ ಮುಖ ಕಪ್ಪಾಗಿ ಕಾಣುತ್ತದೆ, ತುಟಿ ತಿಳಿಯುವುದಿಲ್ಲ. "ಈ ಕಡೆ ಕೂತುಕೊಳ್ಳಬಹುದಾ?" ಅಂತ ಕೇಳಿ ಬೆಳಕು ಅವರ ಮುಖದ ಮೇಲೆ ಬೀಳುವಂತೆ ಕುಳಿತುಕೊಳ್ಳಿ. ನಾನು ಈಗಲೂ ಯಾವ ರೂಮಿಗೆ ಹೋದರೂ ಮೊದಲು ನೋಡುವುದು ಕಿಟಕಿಯನ್ನೇ.

"ಕಿವಿ ಕೇಳದೆ ಹೇಗೆ ಮಾಡ್ತೀರಾ?" ಅಂತ ಕೇಳೇ ಕೇಳುತ್ತಾರೆ. ಬೇಜಾರು ಮಾಡಿಕೊಳ್ಳಬೇಡಿ, ಉತ್ತರ ತಯಾರಿರಲಿ. ನಾನು ಹೇಳುತ್ತಿದ್ದದ್ದು: "ದಿನದ ಕೆಲಸ ಬೆಳಿಗ್ಗೆ ಬರೆದು ಕೊಡಿ. ಮುಗಿದದ್ದಕ್ಕೆ ಟಿಕ್ ಹಾಕಿ ಸಂಜೆ ವಾಪಸ್ ಕೊಡ್ತೀನಿ. ಫೋನ್ ಕೆಲಸ ಬೇರೆಯವರಿಗೆ ಕೊಡಿ, ಅವರ ಬಿಲ್ಲಿಂಗ್ ಕೆಲಸ ನನಗೆ ಕೊಡಿ." ಹೀಗೆ ಬಿಡಿಸಿ ಹೇಳಿದರೆ ಕೇಳುವವರ ಮುಖದಲ್ಲಿ ಭಯ ಇಳಿಯುವುದು ಕಾಣುತ್ತದೆ.

5. ಮೊದಲ ವಾರ

ಇದೇ ಎಲ್ಲಕ್ಕಿಂತ ಮುಖ್ಯ. ಮೊದಲ ವಾರ ಏನು ರೂಢಿ ಮಾಡಿಸುತ್ತೀರೋ ಅದೇ ಮುಂದೆ ನಡೆಯುತ್ತದೆ.

ತಲೆ ಆಡಿಸುವುದನ್ನು ನಿಲ್ಲಿಸಿ. ಚಿಕ್ಕಂದಿನಿಂದ ನಮಗೆ ಅಭ್ಯಾಸ ಆಗಿಬಿಟ್ಟಿದೆ. ಮನೆಯಲ್ಲಿ, ಸ್ಕೂಲಿನಲ್ಲಿ "ಮತ್ತೆ ಹೇಳಿ" ಅಂದರೆ ಮುಖ ಸಿಂಡರಿಸುತ್ತಾರೆ. ಆ ಮುಖ ನೋಡಲಾಗದೆ ಹೂಂ ಅಂದುಬಿಡುತ್ತೇವೆ. ಕೆಲಸದಲ್ಲಿ ಆ ಹೂಂ ದುಬಾರಿಯಾಗುತ್ತದೆ. ತಪ್ಪಾದಾಗ ಅವರು "ಕಿವಿ ಕೇಳದೆ ಹೀಗಾಯ್ತು" ಅನ್ನುವುದಿಲ್ಲ, "ಅರ್ಥ ಆಯ್ತು ಅಂದ, ಆದರೂ ಮಾಡಲಿಲ್ಲ" ಅನ್ನುತ್ತಾರೆ. ಅದಕ್ಕೆ ಬದಲು, ನಿಮಗೆ ತಿಳಿದದ್ದನ್ನು ನೀವೇ ವಾಪಸ್ ಹೇಳಿ, ಇಲ್ಲ ಬರೆದು ತೋರಿಸಿ: "ಎಂಬತ್ತು ಬಾಕ್ಸ್, ನಾಳೆ ಹತ್ತು ಗಂಟೆಗೆ, ಸರಿನಾ?" ಅಂಕಿ ತಪ್ಪಿದ್ದರೆ ಅಲ್ಲೇ ತಿದ್ದುತ್ತಾರೆ. ನನ್ನ ಬೀಗದ ಭಾನುವಾರದ ನಂತರ ನಾನು ಇದನ್ನು ಬಿಟ್ಟಿಲ್ಲ.

ಒಬ್ಬರನ್ನು ಗೊತ್ತು ಮಾಡಿಕೊಳ್ಳಿ. ಸಾಹೇಬರೇ ಆಗಬೇಕಿಲ್ಲ, ಪಕ್ಕದ ಸೀಟಿನವರಾದರೂ ಸರಿ. ಮೈಕ್‌ನಲ್ಲಿ ಏನಾದರೂ ಕೂಗಿದರೆ, ಶಿಫ್ಟ್ ಬದಲಾದರೆ, ಬೆಂಕಿಯ ಸೈರನ್ ಆದರೆ ಭುಜ ತಟ್ಟಿ ಹೇಳುವವರು. ಅವರು ರಜೆ ಹಾಕಿದ ದಿನಕ್ಕೆ ಇನ್ನೊಬ್ಬರು. ಇದನ್ನು ಮೇಲಿನವರಿಗೂ ತಿಳಿಸಿ, ಒಬ್ಬರ ಒಳ್ಳೆಯತನದ ಮೇಲೆ ಬಿಡಬೇಡಿ.

ಸುರಕ್ಷತೆಯ ವಿಚಾರದಲ್ಲಿ ನಾಚಿಕೆ ಬೇಡವೇ ಬೇಡ. ಸೈರನ್ ಜೊತೆ ಮಿನುಗುವ ದೀಪ ಇದೆಯಾ ಕೇಳಿ. ಫೋರ್ಕ್‌ಲಿಫ್ಟ್ ಹಿಂದಕ್ಕೆ ಬರುವಾಗ ಮಾಡುವ ಸದ್ದು ನಮಗೆ ತಿಳಿಯುವುದಿಲ್ಲ, ಅದು ಓಡಾಡುವ ದಾರಿ ಯಾವುದು ಅಂತ ಮೊದಲ ದಿನವೇ ನೋಡಿಕೊಳ್ಳಿ. ಟಾಯ್ಲೆಟ್ ಒಳಗೆ, ಗೋಡೌನ್ ಒಳಗೆ ಒಬ್ಬರೇ ಇರುವಾಗ ಬೆಂಕಿ ಬಿದ್ದರೆ ಯಾರು ಬಂದು ನೋಡುತ್ತಾರೆ ಅಂತ ಕೇಳಿ. ಹಾಗಂತ ಮಷಿನ್ ಕೆಲಸವೇ ಬೇಡ ಅಂತ ಅವರು ತಳ್ಳಿಹಾಕಲು ಬಿಡಬೇಡಿ. ಗದ್ದಲದ ಮಷಿನ್ ಮುಂದೆ ಎಲ್ಲರೂ ಕಿವಿಗೆ ಪ್ಲಗ್ ಹಾಕಿಕೊಂಡೇ ಕೆಲಸ ಮಾಡುತ್ತಾರಲ್ಲ!

ಇನ್ನು ವಾಟ್ಸಾಪ್ ವಾಯ್ಸ್ ಮೆಸೇಜ್. ಈಗಿನ ದೊಡ್ಡ ಕಾಟ ಇದು. ಇಡೀ ಸೆಕ್ಷನ್ನಿಗೆ ಒಂದು ಗುಂಪು ಇರುತ್ತದೆ, ಅದರಲ್ಲಿ ಸಾಹೇಬರು ಎರಡು ನಿಮಿಷ ಮಾತಾಡಿ ಹಾಕುತ್ತಾರೆ. ನಮಗೆ ಅದು ಬರೀ ಒಂದು ಗೆರೆ. ಕೆಲವರು ಕನ್ನಡ ಟೈಪ್ ಮಾಡಲು ಬರುವುದಿಲ್ಲ ಅಂತ ಹಾಗೆ ಮಾಡುತ್ತಾರೆ. ಅವರ ಮೊಬೈಲ್‌ನ ಕೀಬೋರ್ಡಿನಲ್ಲೇ ಮೈಕ್ ಗುರುತು ಒತ್ತಿ ಕನ್ನಡದಲ್ಲಿ ಮಾತಾಡಿದರೆ ತಾನೇ ಅಕ್ಷರ ಆಗುವುದನ್ನು ತೋರಿಸಿಕೊಡಿ. ನಮ್ಮ ಮ್ಯಾನೇಜರ್‌ಗೆ ತೋರಿಸಿದ ದಿನ ಅವರು ಮಗುವಿನ ಹಾಗೆ ಖುಷಿಪಟ್ಟರು. ಆಮೇಲೆ ಅವರ ಹೆಂಡತಿಗೂ ಹಾಗೇ ಮೆಸೇಜ್ ಕಳಿಸುತ್ತಿದ್ದಾರಂತೆ.

6. ಮೀಟಿಂಗ್, ತರಬೇತಿ

ಗೂಗಲ್‌ನ ಲೈವ್ ಟ್ರಾನ್ಸ್‌ಕ್ರೈಬ್ ಅನ್ನುವ ಆ್ಯಪ್ ಆಂಡ್ರಾಯ್ಡ್ ಮೊಬೈಲ್‌ನಲ್ಲಿ ಪುಕ್ಕಟೆ ಸಿಗುತ್ತದೆ. ಕನ್ನಡವೂ ಇದೆ. ಮೊಬೈಲ್ ಅನ್ನು ಮಾತಾಡುವವರ ಹತ್ತಿರ ಇಟ್ಟರೆ ಮಾತು ಅಕ್ಷರವಾಗಿ ಓಡುತ್ತದೆ. ಒಬ್ಬರೇ ಮಾತಾಡಿದರೆ ಚೆನ್ನಾಗಿ ಬರುತ್ತದೆ. ನಾಲ್ಕು ಜನ ಒಟ್ಟಿಗೆ ಮಾತಾಡಿದರೆ, ಕನ್ನಡ ಇಂಗ್ಲಿಷ್ ಬೆರೆಸಿದರೆ ಏನೇನೋ ಬರುತ್ತದೆ. ಹೆಸರು, ಅಂಕಿಗಳನ್ನಂತೂ ಅದರಿಂದ ನಂಬಬೇಡಿ. ಮೀಟಿಂಗಿನ ವಿಷಯಗಳನ್ನು ಮುಂಚೆಯೇ ಒಂದು ಹಾಳೆಯಲ್ಲಿ ಕೊಡಲು ಹೇಳಿ. ಯಾವ ವಿಷಯ ನಡೀತಿದೆ ಅಂತ ಗೊತ್ತಿದ್ದರೆ ತುಟಿ ಓದುವುದೂ ಸುಲಭ, ಆ್ಯಪ್ ಮಾಡಿದ ತಪ್ಪೂ ಗೊತ್ತಾಗುತ್ತದೆ.

ತರಬೇತಿಯ ವಿಡಿಯೋಗೆ ಅಕ್ಷರ ಇಲ್ಲದಿದ್ದರೆ ಸುಮ್ನೆ ಕೂತು ಹಾಜರಿ ಹಾಕಿಸಿಕೊಂಡು ಬರಬೇಡಿ. ಪುಸ್ತಿಕೆ ಕೇಳಿ. ಬಡ್ತಿಯ ಹೊತ್ತಿಗೆ "ಇವರಿಗೆ ಆ ಕೆಲಸ ಗೊತ್ತಿಲ್ಲ" ಅನ್ನುವುದು ಇಂಥ ಕಡೆಯಿಂದಲೇ ಶುರುವಾಗುತ್ತದೆ.

7. ತೊಂದರೆ ಆದರೆ

20 ಅಥವಾ ಅದಕ್ಕಿಂತ ಜಾಸ್ತಿ ಜನ ಕೆಲಸ ಮಾಡುವ ಖಾಸಗಿ ಸಂಸ್ಥೆಯೂ ಸಮಾನ ಅವಕಾಶ ನೀತಿ ಅಂತ ಒಂದನ್ನು ಬರೆದು ಪ್ರಕಟಿಸಬೇಕು, ಅಂಗವಿಕಲ ನೌಕರರ ವಿಚಾರ ನೋಡಿಕೊಳ್ಳಲು ಒಬ್ಬ ಅಧಿಕಾರಿಯನ್ನೂ ಇಡಬೇಕು. ಎಚ್‌ಆರ್ ಹತ್ತಿರ ಅದರ ಪ್ರತಿ ಕೇಳಿ. ಜಗಳದ ಧಾಟಿಯಲ್ಲಿ ಬೇಡ, ಎರಡು ಸಾಲಿನ ಇಮೇಲ್ ಸಾಕು. ಎಷ್ಟೋ ಕಡೆ ಆ ಇಮೇಲ್ ಬಂದ ಮೇಲೆಯೇ ನೀತಿ ತಯಾರಾಗುತ್ತದೆ.

ತಿಂಗಳ ಸಂಬಳದಲ್ಲಿ ವ್ಯತ್ಯಾಸ, ಬೈಗುಳ, ಬೇಕಂತಲೇ ಬಿಟ್ಟುಬಿಡುವುದು, ಏನೇ ಆಗಲಿ ತಾರೀಕು ಹಾಕಿ ಬರೆದಿಡಿ. ಮಾತಲ್ಲಿ ಹೇಳಿದ್ದಕ್ಕೆ ನಮ್ಮ ಹತ್ತಿರ ಸಾಕ್ಷಿ ಇರುವುದಿಲ್ಲ. ಸಂಸ್ಥೆಯೊಳಗೆ ಬಗೆಹರಿಯದಿದ್ದರೆ ಬೆಂಗಳೂರಿನಲ್ಲಿರುವ ಅಂಗವಿಕಲ ವ್ಯಕ್ತಿಗಳ ರಾಜ್ಯ ಆಯುಕ್ತರಿಗೆ ದೂರು ಬರೆಯಬಹುದು. ಸರ್ಕಾರಿ ಕೆಲಸದಲ್ಲಿ ಇರುವಾಗ ಕಿವಿ ಹೋದರೆ ಆ ಕಾರಣಕ್ಕೆ ಕೆಲಸದಿಂದ ತೆಗೆಯುವ ಹಾಗಿಲ್ಲ. ಇದು ಗೊತ್ತಿಲ್ಲದೆ ತಾವೇ ರಾಜೀನಾಮೆ ಕೊಡಲು ಹೊರಟವರಿದ್ದಾರೆ, ದಯವಿಟ್ಟು ಹಾಗೆ ಮಾಡಬೇಡಿ.

8. ಸ್ವಂತ ಅಂಗಡಿ ಇಡುವವರಿಗೆ

ಟೈಲರಿಂಗ್, ಬೇಕರಿ, ಮೊಬೈಲ್ ರಿಪೇರಿ, ಸ್ಕ್ರೀನ್ ಪ್ರಿಂಟಿಂಗ್ ಮಾಡಿ ಚೆನ್ನಾಗಿರುವ ನಮ್ಮವರು ಊರೂರಲ್ಲಿದ್ದಾರೆ. ಸಾಲಕ್ಕೆ ರಾಜ್ಯದ ವಿಕಲಚೇತನರ ಹಾಗೂ ಹಿರಿಯ ನಾಗರಿಕರ ಸಬಲೀಕರಣ ಇಲಾಖೆಯ ಜಿಲ್ಲಾ ಕಚೇರಿಯಲ್ಲಿ ವಿಚಾರಿಸಿ. ಕೇಂದ್ರದ ರಾಷ್ಟ್ರೀಯ ದಿವ್ಯಾಂಗಜನ ಹಣಕಾಸು ನಿಗಮದ ಕಡಿಮೆ ಬಡ್ಡಿಯ ಸಾಲವೂ ಇದೆ. ಸಣ್ಣ ಉದ್ಯಮಗಳಿಗೆ ಕೇಂದ್ರ ಸರ್ಕಾರ ಮಾಡುವ ಉದ್ಯಮ್ ನೋಂದಣಿ ಪೂರ್ತಿ ಉಚಿತ. ದುಡ್ಡು ಕೇಳುವವರಿಗೆ ಕೊಡಬೇಡಿ.

ಅಂಗಡಿಯಲ್ಲಿ ದೊಡ್ಡ ತೊಂದರೆ ದುಡ್ಡಿನ ಸೌಂಡ್ ಬಾಕ್ಸ್. "ನೂರು ರೂಪಾಯಿ ಬಂದಿದೆ" ಅಂತ ಅದು ಕೂಗುತ್ತದೆ, ಗ್ರಾಹಕ ಹೊರಡುತ್ತಾನೆ, ನಮಗೆ ಬಂದಿದ್ದು ನೂರೋ ಹತ್ತೋ ಗೊತ್ತಿಲ್ಲ. ಅಂಕಿ ತೋರಿಸುವ ಪರದೆ ಇರುವ ಬಾಕ್ಸ್ ಸಿಗುತ್ತದೆ, ಅದನ್ನೇ ಕೇಳಿ. ಇಲ್ಲದಿದ್ದರೆ ಮೊಬೈಲ್ ವೈಬ್ರೇಷನ್‌ನಲ್ಲಿಟ್ಟು ಗಲ್ಲಾಪೆಟ್ಟಿಗೆಯ ಮೇಲೆ ಕಣ್ಣಿಗೆ ಕಾಣುವ ಹಾಗೆ ನಿಲ್ಲಿಸಿ. ಪಟ್ಟಿಯಲ್ಲಿ ಪ್ರತಿ ಸಾಮಾನಿಗೂ ಚಿತ್ರ ಮತ್ತು ನಂಬರ್ ಹಾಕಿದರೆ ಗ್ರಾಹಕರು ಬೆರಳಲ್ಲೇ ನಂಬರ್ ತೋರಿಸುತ್ತಾರೆ. "ನನಗೆ ಕಿವಿ ಕೇಳುವುದಿಲ್ಲ, ಕೈ ಬೀಸಿ" ಅಂತ ಒಂದು ಬೋರ್ಡ್ ಗ್ರಾಹಕರಿಗೆ ಕಾಣುವ ಎತ್ತರದಲ್ಲಿ ಇರಲಿ. ಅದಿಲ್ಲದಿದ್ದರೆ ಕೂಗಿ ಕೂಗಿ, ದುರಹಂಕಾರ ಅಂದುಕೊಂಡು ಹೊರಟುಹೋಗುತ್ತಾರೆ.

ಮಾಲೀಕರಿಗೆ, ಜೊತೆ ಕೆಲಸದವರಿಗೆ

ಕೂಗಬೇಡಿ. ಕೂಗಿದರೆ ತುಟಿಯ ಆಕಾರ ಕೆಡುತ್ತದೆ. ಭುಜ ಮೆಲ್ಲಗೆ ತಟ್ಟಿ, ಮುಖ ನೋಡಿದ ಮೇಲೆ ಹೇಳಿ. ಸಂಬಳದ ಮಾತು, ತಪ್ಪಿನ ಮಾತು ಏನಿದ್ದರೂ ನೇರವಾಗಿ ಅವರಿಗೇ ಹೇಳಿ, ಅವರ ಅಣ್ಣನಿಗೆ ಫೋನ್ ಮಾಡಬೇಡಿ. ಮೂವತ್ತು ವರ್ಷದ ಮನುಷ್ಯನ ತಪ್ಪನ್ನು ಮನೆಯವರಿಗೆ ಹೇಳುವುದು ಎಷ್ಟು ನೋವು ಕೊಡುತ್ತದೆ ಗೊತ್ತಾ?

ಹುಟ್ಟಿನಿಂದ ಕಿವುಡರಾದ ಎಷ್ಟೋ ಜನಕ್ಕೆ ಸನ್ನೆ ಭಾಷೆ ಮೊದಲ ಭಾಷೆ, ಕನ್ನಡ ಎರಡನೆಯದು. ಸನ್ನೆಯಲ್ಲಿ ನಮ್ಮ "ಗೆ", "ಇಂದ" ಥರದ ಪ್ರತ್ಯಯ ಇಲ್ಲ. "ಸ್ಟೋರ್ಸ್‌ಗೆ ತಂದುಕೊಡಿ", "ಸ್ಟೋರ್ಸ್‌ನಿಂದ ತಂದುಕೊಡಿ" ಅಂತ ಬರೆದರೆ ಎರಡೂ ಒಂದೇ ಥರ ಕಾಣಬಹುದು. ಬಾಣದ ಗುರುತು ಹಾಕಿ ಬರೆಯಿರಿ. ಒಂದು ಮೆಸೇಜಿನಲ್ಲಿ ಒಂದೇ ವಿಷಯ ಇರಲಿ. ಅವರು "ರಜೆ ನಾಳೆ ಬೇಕು ಅಮ್ಮ ಆಸ್ಪತ್ರೆ" ಅಂತ ಬರೆದರೆ ದಡ್ಡರು ಅಂದುಕೊಳ್ಳಬೇಡಿ, ನಿಮಗೆ ಎಷ್ಟು ಸನ್ನೆ ಬರುತ್ತದೆ ಯೋಚಿಸಿ. ದೆಹಲಿಯ ಭಾರತೀಯ ಸನ್ನೆ ಭಾಷೆ ಸಂಶೋಧನೆ ಮತ್ತು ತರಬೇತಿ ಕೇಂದ್ರ ಮಾಡಿರುವ ನಿಘಂಟಿನಲ್ಲಿ 2021ರ ಹೊತ್ತಿಗೇ 10,000 ಪದಗಳಿದ್ದವು, ವಿಡಿಯೋಗಳು ಅಂತರ್ಜಾಲದಲ್ಲೇ ಇವೆ. ಊಟ, ಟೀ, ರಜೆ, ಅರ್ಜೆಂಟ್, ಮುಗೀತಾ, ಇಷ್ಟು ಕಲಿತರೂ ಮರುದಿನದಿಂದಲೇ ಉಪಯೋಗಕ್ಕೆ ಬರುತ್ತದೆ.

ಕೊನೆಯದಾಗಿ ಟೀ ಹೊತ್ತು. ಎಲ್ಲರೂ ನಗುತ್ತಾರೆ. "ಏನು?" ಅಂತ ನಾವು ಕೇಳುತ್ತೇವೆ. "ಏನಿಲ್ಲ, ಆಮೇಲೆ ಹೇಳ್ತೀನಿ" ಅನ್ನುತ್ತೀರಿ. ಆ ಆಮೇಲೆ ಬರುವುದೇ ಇಲ್ಲ. ಇನ್‌ಕ್ರಿಮೆಂಟ್ ಯಾವಾಗ, ಯಾವ ಸೆಕ್ಷನ್ನಿನಲ್ಲಿ ಜಾಗ ಖಾಲಿ, ಸಾಹೇಬರು ಇವತ್ತು ಯಾಕೆ ಸಿಡುಕುತ್ತಿದ್ದಾರೆ, ಇದೆಲ್ಲ ತಿಳಿಯುವುದೂ ಆ ಟೀ ಹೊತ್ತಿನಲ್ಲೇ. ಎರಡೇ ಪದದಲ್ಲಾದರೂ ಆಗಲೇ ಹೇಳಿ. ಸ್ಟೋರ್ಸ್‌ನಲ್ಲಿ ನನ್ನ ಜೊತೆ ಇದ್ದ ಒಬ್ಬ ಅಕ್ಕ ಹಳೇ ಚಲನ್ ಪುಸ್ತಕವನ್ನು ಟೀ ಲೋಟದ ಪಕ್ಕ ಇಟ್ಟುಕೊಳ್ಳುತ್ತಿದ್ದರು. ಯಾರಾದರೂ ನಕ್ಕರೆ ಕೂಡಲೇ ಅದರ ಹಿಂಬದಿಯಲ್ಲಿ ಪೆನ್ಸಿಲ್‌ನಿಂದ ಬರೆದು ನನ್ನ ಕಡೆ ತಳ್ಳುತ್ತಿದ್ದರು. ನಾನು ಎಲ್ಲರಿಗಿಂತ ಅರ್ಧ ನಿಮಿಷ ತಡವಾಗಿ ನಗುತ್ತಿದ್ದೆ. ಲೆಕ್ಕಪತ್ರ ವಿಭಾಗದಲ್ಲಿ ಜಾಗ ಖಾಲಿ ಇದೆ ಅನ್ನುವುದೂ ನನಗೆ ತಿಳಿದದ್ದು ಆ ಚಲನ್ ಹಾಳೆಯಿಂದಲೇ.